ಮೀರತ್ತಿನ ಮಾಲ್‌ಖಾನೆಯ ಬಂಗಾರ: ಸರ್ಕಾರದ ಹೊಣೆಗಾರಿಕೆಯ ಇತಿಹಾಸದಿಂದ ಒಂದು ಪ್ರಕರಣ

ಗೃಹಸ್ಥನ ಅಣುವ್ರತಗಳಿಗೆ ಒದಗುವ ಅತಿಚಾರಗಳನ್ನು ಎಣಿಸುವಾಗ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ‘ನ್ಯಾಸಾಪಹಾರ’ವೆಂಬ ಒಂದನ್ನು ಹೇಳಿದ್ದಾರೆ. ನಂಬಿ ಇಟ್ಟ ಒತ್ತೆಯನ್ನು ಅಪಹರಿಸುವುದು ಎಂದು ಅದರ ಸ್ಥೂಲವಾದ ಅರ್ಥ. ವಾಚಕರಿಗೆ ಮೊದಲ ನೋಟಕ್ಕೆ ವಿಚಿತ್ರವೆನಿಸುವ ಸಂಗತಿಯೆಂದರೆ, ಇದು ಅಚೌರ್ಯವ್ರತದ ಅತಿಚಾರಗಳಲ್ಲಿ ಬರುವುದಿಲ್ಲ. ಸತ್ಯವ್ರತದ ಅತಿಚಾರಗಳಲ್ಲಿ ಬರುತ್ತದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆಯಿಂದ ಇದರ ಮರ್ಮ ತಿಳಿಯುತ್ತದೆ. ಬಂಗಾರ ಮೊದಲಾದ ದ್ರವ್ಯವನ್ನು ಇಟ್ಟುಹೋದವನು ತಾನಿಟ್ಟದ್ದು ಎಷ್ಟೆಂಬುದನ್ನು ಮರೆತು ಬಂದು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪಿಬಿಡುವುದು ನ್ಯಾಸಾಪಹಾರ. ಕೈ ಕದಿಯಲಿಲ್ಲ, ಮಾತು ಕದಿಯಿತು. ಆಚಾರ್ಯರು ಉದಾಹರಣೆಗೆ ಆಯ್ದುಕೊಂಡ ವಸ್ತು ಬಂಗಾರವೇ ಆಗಿರುವುದು ಇಲ್ಲಿ ಹೇಳಹೊರಟಿರುವ ಪ್ರಕರಣಕ್ಕೆ ವಿಶೇಷವಾಗಿ ಹೊಂದುತ್ತದೆ.

ಒತ್ತೆಯಿಟ್ಟುಕೊಂಡವನು ಸಾಹುಕಾರನಾಗಿದ್ದರೆ ನ್ಯಾಯಾಲಯಕ್ಕೆ ಹೋಗಬಹುದು. ಇಟ್ಟುಕೊಂಡದ್ದು ಸರ್ಕಾರವೇ ಆದಾಗ, ಅದೂ ಕೇಳಿ ಪಡೆಯದೆ ಬಲದಿಂದ ಪಡೆದುಕೊಂಡದ್ದಾದಾಗ, ಹೋಗುವುದೆಲ್ಲಿಗೆ? ಸ್ವತಂತ್ರ ಭಾರತದ ಸರ್ವೋಚ್ಚ ನ್ಯಾಯಾಲಯವು ಈ ಪ್ರಶ್ನೆಗೆ 1964ರಲ್ಲಿ ಕೊಟ್ಟ ಉತ್ತರವು ಕಾನೂನಿನ ಇತಿಹಾಸದಲ್ಲಿ ಕಸ್ತೂರಿಲಾಲ್ ರಲಿಯಾರಾಮ್ ಜೈನ್ ಮೊಕದ್ದಮೆ ಎಂದು ಹೆಸರಾಗಿದೆ.

ಕಸ್ತೂರಿಲಾಲ್ ರಲಿಯಾರಾಮ್ ಜೈನ್ ಎಂಬುದು ಅಮೃತಸರದಲ್ಲಿ ಚಿನ್ನಬೆಳ್ಳಿಯ ಗಟ್ಟಿಗಳ ವ್ಯಾಪಾರ ಮಾಡುತ್ತಿದ್ದ, ನೋಂದಣಿಯಾದ ಒಂದು ಪಾಲುದಾರಿಕೆಯ ಸಂಸ್ಥೆ. ದೇಶ ಇಬ್ಭಾಗವಾಗಿ ಐದು ವಾರಗಳು ಕಳೆದಿದ್ದವು. ಅಮೃತಸರವು ಹೊಸ ಗಡಿಯ ಅಂಚಿನ ಊರಾಗಿ ಪರಿಣಮಿಸಿತ್ತು. ಸಂಸ್ಥೆಯ ಪಾಲುದಾರರಲ್ಲೊಬ್ಬರಾದ ರಲಿಯಾರಾಮರು 1947ರ ಸೆಪ್ಟೆಂಬರ್ 20ರಂದು ಫ್ರಾಂಟಿಯರ್ ಮೇಲ್ ರೈಲಿನಲ್ಲಿ ನಡುರಾತ್ರಿಯ ವೇಳೆಗೆ ಮೀರತ್ತಿಗೆ ಬಂದಿಳಿದರು. ಅಲ್ಲಿಯ ಪೇಟೆಯಲ್ಲಿ ಚಿನ್ನ ಬೆಳ್ಳಿ ಮಾರುವುದು ಅವರ ಉದ್ದೇಶ. ಚೌಪಲಾ ಬಜಾರಿನಲ್ಲಿ ಹೋಗುತ್ತಿದ್ದಾಗ ಮೂವರು ಪೊಲೀಸರು ಅವರನ್ನು ತಡೆದು, ಸಾಮಾನು ಶೋಧಿಸಿ, ಕೋತವಾಲಿ ಠಾಣೆಗೆ ಕರೆದೊಯ್ದರು. ಕಳವಿನ ಮಾಲಿರಬಹುದೆಂಬುದು ಶಂಕೆ. ಅವರಲ್ಲಿದ್ದ 103 ತೋಲ 6 ಮಾಷ 1 ರತ್ತಿ ಬಂಗಾರವನ್ನೂ 2 ಮಣ ಆರೂವರೆ ಸೇರು ಬೆಳ್ಳಿಯನ್ನೂ ಜಪ್ತಿ ಮಾಡಿ, ಅವರನ್ನು ಬಂಧನದಲ್ಲಿಟ್ಟರು. ಮರುದಿನ ಜಾಮೀನಿನ ಮೇಲೆ ಬಿಡುಗಡೆಯಾಯಿತು. ಸ್ವಲ್ಪ ಕಾಲದ ನಂತರ ಬೆಳ್ಳಿಯೂ ಕೈಸೇರಿತು. ಬಂಗಾರ ಮಾತ್ರ ಬರಲಿಲ್ಲ.

ರತ್ತಿಯೆಂದರೆ ಒಂದು ಗುಲಗಂಜಿ ತೂಕ. ಎಂಟು ಗುಲಗಂಜಿಗೆ ಒಂದು ಮಾಷ, ಹನ್ನೆರಡು ಮಾಷಕ್ಕೆ ಒಂದು ತೋಲ. ಸಂಸ್ಥೆಯ ಲೆಕ್ಕವು ಕೊನೆಯ ಗುಲಗಂಜಿಯವರೆಗೆ ಖಚಿತವಾಗಿತ್ತು. ಇಂದಿನ ಅಳತೆಯಲ್ಲಿ ಅದು ಸುಮಾರು 1,207 ಗ್ರಾಂ ಆಗುತ್ತದೆ. ಎದುರುಪಕ್ಷದಲ್ಲಿ, ಅಂದರೆ ಠಾಣೆಯಲ್ಲಿ, ಆ ಬಂಗಾರವನ್ನು ಯಾವ ಕ್ರಮದಲ್ಲಿ ಕಾಪಾಡಲಾಯಿತೆಂಬುದಕ್ಕೆ ಇಷ್ಟು ಖಚಿತವಾದ ದಾಖಲೆ ಇರಲಿಲ್ಲ. ವ್ಯಾಪಾರದ ಅನುಭವವಿದ್ದವರಿಗೆ ಇದೊಂದರಿಂದಲೇ ಮುಂದಿನ ಕಥೆ ಊಹೆಗೆ ಬರುತ್ತದೆ.

ಮತ್ತೆ ಮತ್ತೆ ಕೇಳಿಯೂ ಪ್ರಯೋಜನವಾಗದೆ ಸಂಸ್ಥೆಯು ದಾವೆ ಹೂಡಿತು. ಬಂಗಾರವನ್ನು ಹಿಂದಿರುಗಿಸಬೇಕು, ಇಲ್ಲವೇ ಅದರ ಬೆಲೆ 11,075 ರೂಪಾಯಿ 10 ಆಣೆಯನ್ನೂ ಬಡ್ಡಿಯ ರೂಪದ ನಷ್ಟ 355 ರೂಪಾಯಿಯನ್ನೂ ಕೊಡಬೇಕು ಎಂಬುದು ಕೋರಿಕೆ. ತೋಲಕ್ಕೆ 107 ರೂಪಾಯಿ ಬಿದ್ದಂತಾಯಿತು. ದಾವೆಯಲ್ಲಿ ಅತಿಶಯೋಕ್ತಿಯೇನೂ ಇರಲಿಲ್ಲ. ಸರ್ಕಾರದ ಉತ್ತರ ಹೀಗಿತ್ತು: ಬಂಗಾರವು ಠಾಣೆಯ ಮಾಲ್‌ಖಾನೆಯಲ್ಲಿತ್ತು, ಮಾಲ್‌ಖಾನೆ ಒಬ್ಬ ಹೆಡ್ ಕಾನ್‌ಸ್ಟೇಬಲನ ಜಿಮ್ಮೆಯಲ್ಲಿತ್ತು, ಆತನು ಆ ಬಂಗಾರವನ್ನೂ ಅಲ್ಲಿದ್ದ ಬೇರೆ ಹಣ ಮತ್ತು ವಸ್ತುಗಳನ್ನೂ ಕಬಳಿಸಿ 1947ರ ಅಕ್ಟೋಬರ್ 17ರಂದು ಪಾಕಿಸ್ತಾನಕ್ಕೆ ಪರಾರಿಯಾದನು, ಆತನ ಮೇಲೆ ನಂಬಿಕೆದ್ರೋಹದ ಮೊಕದ್ದಮೆ ದಾಖಲಾಗಿದೆ, ಆದರೆ ಹಿಡಿಯಲಾಗಲಿಲ್ಲ, ಆದುದರಿಂದ ಸರ್ಕಾರವು ಹೊಣೆಯಲ್ಲ.

ವಿಚಾರಣಾ ನ್ಯಾಯಾಲಯವು ಈ ಉತ್ತರವನ್ನು ಒಪ್ಪದೆ 11,430 ರೂಪಾಯಿ 10 ಆಣೆಗೆ ಡಿಕ್ರಿ ಕೊಟ್ಟಿತು. ಸರ್ಕಾರವು ಅಲಹಾಬಾದ್ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿತು. ಪೊಲೀಸರ ಅಲಕ್ಷ್ಯವು ಸಿದ್ಧವಾಗಿಲ್ಲ, ಸಿದ್ಧವಾದರೂ ಸರ್ಕಾರವು ಹೊಣೆಯಾಗುವುದಿಲ್ಲವೆಂದು ಹೇಳಿ ಉಚ್ಚ ನ್ಯಾಯಾಲಯವು ಡಿಕ್ರಿಯನ್ನು ರದ್ದುಗೊಳಿಸಿತು. ಸಂಸ್ಥೆಯವರು ದೆಹಲಿಗೆ ಹೋದರು.

ಈ ವಾದದ ಬೇರು ಇರುವುದು ಕಲ್ಕತ್ತೆಯ ಒಂದು ಕುದುರೆಯ ಗಾಯದಲ್ಲಿ. ಪೆನಿನ್ಸುಲರ್ ಅಂಡ್ ಓರಿಯಂಟಲ್ ಹಡಗು ಕಂಪನಿಯ ನೌಕರನೊಬ್ಬನು ಜೋಡಿ ಕುದುರೆಯ ಗಾಡಿಯಲ್ಲಿ ಹೋಗುತ್ತಿದ್ದನು. ಸರ್ಕಾರದ ಖಿದಿರ್‌ಪುರ ಹಡಗುಕಟ್ಟೆಯ ಆಳುಗಳು ಭಾರವಾದ ಕಬ್ಬಿಣದ ತುಂಡೊಂದನ್ನು ರಸ್ತೆಯ ನಡುವೆ ಹೊತ್ತು ಸಾಗಿಸುತ್ತಿದ್ದರು. ಗಾಡಿ ಹತ್ತಿರ ಬಂದಾಗ ಗಾಬರಿಯಿಂದ ಅದನ್ನು ಕೆಳಗೆ ಹಾಕಿದರು. ಸದ್ದಿಗೆ ಬೆದರಿದ ಕುದುರೆಗಳು ಮುನ್ನುಗ್ಗಿ, ಒಂದಕ್ಕೆ ಗಾಯವಾಯಿತು. ಕಂಪನಿಯು ಕೇಳಿದ ಪರಿಹಾರ 350 ರೂಪಾಯಿ. 1861ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಬಾರ್ನ್ಸ್ ಪೀಕಾಕರು ಆ ಹಣವನ್ನು ಸರ್ಕಾರವು ಕೊಡಲೇಬೇಕೆಂದು ತೀರ್ಮಾನಿಸಿದರು. ಈಸ್ಟ್ ಇಂಡಿಯಾ ಕಂಪನಿಗೆ ಎರಡು ಮುಖಗಳಿದ್ದವು. ಒಂದು ಕಡೆ ಅದು ವರ್ತಕ, ಇನ್ನೊಂದು ಕಡೆ ದೊರೆ. ಹಡಗುಕಟ್ಟೆಯನ್ನು ಯಾವ ಖಾಸಗಿ ವರ್ತಕನಾದರೂ ನಡೆಸಬಹುದು. ಆದುದರಿಂದ ಅಲ್ಲಿಯ ಆಳುಗಳ ತಪ್ಪಿಗೆ ಯಾವ ಧಣಿಯಾದರೂ ಕೊಡುವಂತೆ ಸರ್ಕಾರವೂ ಕೊಡಬೇಕು. ದೊರೆಯಾಗಿ ಮಾಡುವ ಕೆಲಸಗಳಲ್ಲಿ ಮಾತ್ರ ಹೀಗೆ ದಾವೆ ಹೂಡುವಂತಿಲ್ಲ ಎಂದು ಪೀಕಾಕರು ಜೊತೆಯಲ್ಲಿ ಹೇಳಿದರು. ಸರ್ಕಾರವನ್ನು ಹೊಣೆಮಾಡಿದ ತೀರ್ಪಿನ ಪಕ್ಕದ ಮಾತೇ ಮುಂದಿನ ನೂರು ವರ್ಷ ಸರ್ಕಾರದ ಗುರಾಣಿಯಾದದ್ದು ಇತಿಹಾಸದ ವಿಪರ್ಯಾಸ.

1882ರಲ್ಲಿ ಮದರಾಸಿನ ಉಚ್ಚ ನ್ಯಾಯಾಲಯವು, ಬೊಂಬಾಯಿಯಿಂದ ಮಲಬಾರಿನ ಬಂದರುಗಳಿಗೆ ಹೋಗುತ್ತಿದ್ದ ಉಪ್ಪಿನ ಮೇಲೆ ಹೆಚ್ಚುವರಿ ಸುಂಕ ವಸೂಲಾದ ಹರಿ ಭಾನಜಿ ಮೊಕದ್ದಮೆಯಲ್ಲಿ ಇದಕ್ಕಿಂತ ವಿವೇಕದ ಮಾರ್ಗವನ್ನು ಹಿಡಿದಿತ್ತು. ದೇಶದ ಕಾಯಿದೆಯ ಬಲದಿಂದ ಅಧಿಕಾರಿಯು ಮಾಡಿದ ಕೆಲಸವನ್ನು ಅದೇ ಕಾಯಿದೆಯ ಒರೆಗಲ್ಲಿಗೆ ಹಚ್ಚಬಹುದು, ಪರರಾಜ್ಯಗಳೊಡನೆ ನಡೆಸುವ ಯುದ್ಧ ಸಂಧಿ ಮುಂತಾದವು ಮಾತ್ರ ನ್ಯಾಯಾಲಯದ ಆಚೆಗಿನವು ಎಂಬುದು ಅದರ ಸಾರಾಂಶ. ಆದರೆ ದೇಶದಲ್ಲಿ ಹೆಚ್ಚು ನಡೆದದ್ದು ಕಲ್ಕತ್ತೆಯ ನಾಣ್ಯವೇ. 1858ರ ಭಾರತ ಸರ್ಕಾರ ಕಾಯಿದೆಯ 65ನೆಯ ಕಲಮು, ಕಂಪನಿಯ ಮೇಲೆ ಹೂಡಬಹುದಾಗಿದ್ದ ದಾವೆಗಳನ್ನು ಸರ್ಕಾರದ ಮೇಲೂ ಹೂಡಬಹುದೆಂದು ಹೇಳಿತ್ತು. ಅದೇ ಮಾತು 1915ರ ಕಾಯಿದೆಗೂ 1935ರ ಕಾಯಿದೆಗೂ ಇಳಿದು ಬಂದು, ಕೊನೆಗೆ ಸಂವಿಧಾನದ 300ನೆಯ ಅನುಚ್ಛೇದದಲ್ಲಿ ನೆಲೆಸಿತು. ಹೀಗಾಗಿ ಗಣರಾಜ್ಯದ ಪ್ರಜೆಯು ತನ್ನ ಸರ್ಕಾರದ ಮೇಲೆ ದಾವೆ ಹೂಡಬಹುದೇ ಎಂದು ತಿಳಿಯಲು, ಎಂದೋ ಮುಚ್ಚಿಹೋದ ಒಂದು ವರ್ತಕ ಕಂಪನಿಯ ಮೇಲೆ ದಾವೆ ನಡೆಯುತ್ತಿತ್ತೇ ಎಂದು ನೋಡಬೇಕಾಯಿತು. ಇತ್ತ ಇಂಗ್ಲೆಂಡಿನಲ್ಲಿ, ದೊರೆಯು ತಪ್ಪು ಮಾಡನೆಂಬ ಹಳೆಯ ನಂಬಿಕೆಯನ್ನು ಬದಿಗಿಟ್ಟು ಸರ್ಕಾರವನ್ನು ಪ್ರಜೆಯ ದಾವೆಗೆ ಒಳಪಡಿಸಿದ ಕಾಯಿದೆಯು ಅಂಗೀಕಾರವಾದದ್ದು 1947ರ ಜುಲೈ 31ರಂದು. ರಲಿಯಾರಾಮರು ಮೀರತ್ತಿನಲ್ಲಿ ಇಳಿಯುವುದಕ್ಕೆ ಏಳು ವಾರ ಮೊದಲು.

ಈ ನೆಲದ ಪ್ರಾಚೀನ ಸ್ಮೃತಿಕಾರರ ಮತವು ಬೇರೆಯಾಗಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು. ಕಳ್ಳರು ಒಯ್ದ ದ್ರವ್ಯವನ್ನು ಅರಸನು ಹುಡುಕಿ ಒಡೆಯನಿಗೆ ಕೊಡಿಸಬೇಕು, ಇಲ್ಲವಾದರೆ ತನ್ನ ಬೊಕ್ಕಸದಿಂದ ಕೊಡಬೇಕು ಎಂದು ಗೌತಮ ಧರ್ಮಸೂತ್ರವು ವಿಧಿಸುತ್ತದೆ. ಯಾಜ್ಞವಲ್ಕ್ಯ ಸ್ಮೃತಿಯೂ ಇದೇ ಅಭಿಪ್ರಾಯದ್ದು. ಎಷ್ಟು ಅರಸರು ಹಾಗೆ ನಡೆದರೆಂಬುದು ಬೇರೆ ಮಾತು. ಆದರೆ ಪರರು ಕದ್ದದ್ದಕ್ಕೂ ಅರಸನೇ ಹೊಣೆಯೆಂಬಲ್ಲಿಂದ ಹೊರಟ ವಿಚಾರವು, ಅರಸನ ಆಳೇ ಕದ್ದರೂ ಅರಸನು ಹೊಣೆಯಲ್ಲವೆಂಬಲ್ಲಿಗೆ ಬಂದು ಮುಟ್ಟಿತು.

ಮೀರತ್ತಿನ ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯದ ಮುಂದೆ ಬರುವುದಕ್ಕೆ ಎರಡು ವರ್ಷ ಹಿಂದೆ, 1962ರಲ್ಲಿ, ಅದೇ ನ್ಯಾಯಾಲಯವು ಆಶಾದಾಯಕವಾದ ಒಂದು ತೀರ್ಪನ್ನು ಕೊಟ್ಟಿತ್ತು. ಉದಯಪುರದ ಕಲೆಕ್ಟರರ ಬಳಕೆಯ ಸರ್ಕಾರಿ ಜೀಪನ್ನು 1952ರಲ್ಲಿ ದುರಸ್ತಿಯಾದ ಮೇಲೆ ಕಾರ್ಖಾನೆಯಿಂದ ಹಿಂದಕ್ಕೆ ತರುತ್ತಿದ್ದ ಚಾಲಕನು ದಾರಿಹೋಕನೊಬ್ಬನಿಗೆ ಡಿಕ್ಕಿ ಹೊಡೆದನು. ಗಾಯಗೊಂಡವನು ಆಸ್ಪತ್ರೆಯಲ್ಲಿ ತೀರಿಕೊಂಡನು. ಅವನ ವಿಧವೆ ವಿದ್ಯಾವತಿಯು ರಾಜಸ್ಥಾನ ಸರ್ಕಾರದ ಮೇಲೆ ಹೂಡಿದ ದಾವೆಯಲ್ಲಿ 15,000 ರೂಪಾಯಿ ಪರಿಹಾರವು ನಿಂತಿತು. ಗಣರಾಜ್ಯದಲ್ಲಿ ಸರ್ಕಾರಕ್ಕೆ ರಾಜರ ಕಾಲದ ವಿನಾಯಿತಿಯನ್ನು ಮುಂದುವರಿಸಲು ತಾತ್ತ್ವಿಕವಾದ ಆಧಾರವಿಲ್ಲವೆಂಬುದು ಮುಖ್ಯ ನ್ಯಾಯಾಧೀಶ ಬಿ. ಪಿ. ಸಿನ್ಹಾ ಅವರ ತೀರ್ಪಿನ ಧಾಟಿ. ಅಮೃತಸರದ ವರ್ತಕರು ಈ ತೀರ್ಪನ್ನು ನಂಬಿ ನಿಂತದ್ದು ಸಹಜವೇ.

ಐವರು ನ್ಯಾಯಾಧೀಶರ ಸಂವಿಧಾನ ಪೀಠವು 1964ರ ಸೆಪ್ಟೆಂಬರ್ 29ರಂದು ತೀರ್ಪು ಕೊಟ್ಟಿತು. ತೀರ್ಪನ್ನು ಬರೆದವರು ಮುಖ್ಯ ನ್ಯಾಯಾಧೀಶ ಪಿ. ಬಿ. ಗಜೇಂದ್ರಗಡಕರರು. ಗದಗ ಸೀಮೆಯ ಗಜೇಂದ್ರಗಡವು ಅವರ ಮನೆತನದ ಹೆಸರಿನಲ್ಲಿಯೇ ಉಳಿದಿದೆ. ಕಾರ್ಮಿಕರ ಕಾನೂನಿನಲ್ಲಿ ಉದಾರವಾದ ತೀರ್ಪುಗಳಿಗೆ ಹೆಸರಾದ ಈ ಹಿರಿಯರು ಮೊದಲು ವಾಸ್ತವಾಂಶವನ್ನು ತೂಗಿದರು. ಬೆಲೆಬಾಳುವ ವಸ್ತುಗಳನ್ನು ಜಪ್ತಿ ಮಾಡಿದಾಗ ಅವನ್ನು ತೂಗಿ, ಪಟ್ಟಿ ಮಾಡಿ, ಭದ್ರವಾಗಿ ಕಾದಿಡಬೇಕೆಂದು ಉತ್ತರಪ್ರದೇಶದ ಪೊಲೀಸ್ ನಿಯಮಗಳಲ್ಲಿಯೇ ಇತ್ತು. ಆ ನಿಯಮಗಳ ಪಾಲನೆಯಾಗಿರಲಿಲ್ಲ. ಪೊಲೀಸರ ಅಲಕ್ಷ್ಯವು ನಿಸ್ಸಂದೇಹವೆಂದು ಪೀಠವು ಕಂಡುಕೊಂಡು, ಈ ಅಂಶದಲ್ಲಿ ಉಚ್ಚ ನ್ಯಾಯಾಲಯದ ಅಭಿಪ್ರಾಯವನ್ನು ತಳ್ಳಿಹಾಕಿತು. ಇಲ್ಲಿಯವರೆಗೆ ವರ್ತಕರು ಗೆದ್ದರು.

ಆದರೆ ಹಣ ಸಿಗಲಿಲ್ಲ. ನೌಕರನು ತಪ್ಪು ಮಾಡಿದ್ದು ಯಾವ ಅಧಿಕಾರವನ್ನು ಚಲಾಯಿಸುವಾಗ ಎಂಬುದನ್ನು ನೋಡಬೇಕು ಎಂದು ಪೀಠವು ಹೇಳಿತು. ಬಂಧಿಸುವುದು, ಶೋಧಿಸುವುದು, ಜಪ್ತಿ ಮಾಡಿದ್ದನ್ನು ಕಾದಿಡುವುದು ಇವೆಲ್ಲ ಕಾಯಿದೆಯು ಪೊಲೀಸರಿಗೆ ಕೊಟ್ಟ, ಪ್ರಭುತ್ವದಿಂದಲೇ ಇಳಿದುಬಂದ ಅಧಿಕಾರಗಳು. ಅವುಗಳ ಚಲಾವಣೆಯಲ್ಲಿ ಆದ ತಪ್ಪಿಗೆ ಸರ್ಕಾರವು ಹೊಣೆಯಲ್ಲ. ಜೀಪು ಓಡಿಸುವುದು ಯಾರಾದರೂ ಮಾಡಬಹುದಾದ ಕೆಲಸವಾದ್ದರಿಂದ ವಿದ್ಯಾವತಿಯ ತೀರ್ಪು ಬೇರೆ. ಹದಿನೇಳು ವರ್ಷಗಳ ವ್ಯಾಜ್ಯವು ಹೀಗೆ ಮುಗಿಯಿತು.

ಈ ತರ್ಕವನ್ನು ಲೆಕ್ಕದ ಪುಸ್ತಕದಂತೆ ಎರಡು ಅಂಕಣಗಳಲ್ಲಿ ಬರೆದು ನೋಡಿದರೆ ಅದರ ವಕ್ರತೆ ಎದ್ದು ಕಾಣುತ್ತದೆ. ಒಬ್ಬನು ತಾನಾಗಿ ನಂಬಿ, ಆರಿಸಿ, ರಸೀದಿ ಪಡೆದು ಬಂಗಾರವನ್ನು ಒಂದು ಪೇಢಿಯಲ್ಲಿ ಇಡುತ್ತಾನೆ. ಅಲ್ಲಿಯ ಗುಮಾಸ್ತನು ಕದ್ದರೆ ಧಣಿಯು ಕೊಡಬೇಕು. ಇನ್ನೊಬ್ಬನಿಂದ ಅವನ ಇಚ್ಛೆಗೆ ವಿರುದ್ಧವಾಗಿ, ನಡುರಾತ್ರಿಯಲ್ಲಿ, ಬೇಡವೆನ್ನಲು ಅವಕಾಶವಿಲ್ಲದಂತೆ ಬಂಗಾರವನ್ನು ಕಿತ್ತುಕೊಳ್ಳಲಾಗುತ್ತದೆ. ಅಲ್ಲಿಯ ಕಾವಲುಗಾರನು ಕದ್ದರೆ ಯಾರೂ ಕೊಡಬೇಕಾಗಿಲ್ಲ. ಬಲವು ಹೆಚ್ಚಿದಷ್ಟೂ ಹೊಣೆಯು ಕಡಿಮೆಯಾಗಬೇಕೆಂಬ ನ್ಯಾಯವನ್ನು ಯಾವ ಪೇಟೆಯೂ ಒಪ್ಪಲಾರದು. ಗೃಹಸ್ಥನು ರಾಜ್ಯದ ನಿಯಮವನ್ನು ಮೀರಿ ವ್ಯವಹರಿಸಬಾರದೆಂದು ಅದೇ ತತ್ತ್ವಾರ್ಥಸೂತ್ರವು ‘ವಿರುದ್ಧರಾಜ್ಯಾತಿಕ್ರಮ’ವನ್ನು ಅಚೌರ್ಯದ ಅತಿಚಾರವೆಂದು ಹೇಳುತ್ತದೆ. ಶೋಧನೆಗೆ ಮಣಿದು ಠಾಣೆಗೆ ನಡೆದ ರಲಿಯಾರಾಮರು ರಾಜ್ಯಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸಿದ್ದರು. ಸರ್ಕಾರವು ನ್ಯಾಯಾಲಯದಲ್ಲಿ ಆಡಿದ ಮಾತನ್ನು ಪೂಜ್ಯಪಾದರ ವಿವರಣೆಯ ಪಕ್ಕದಲ್ಲಿಟ್ಟರೆ, ಹೆಡ್ ಕಾನ್‌ಸ್ಟೇಬಲನದು ಕಳವು, ಸರ್ಕಾರದ್ದು ನ್ಯಾಸಾಪಹಾರ ಎಂದು ವಿಂಗಡಿಸಬಹುದೇನೋ.

ಗಜೇಂದ್ರಗಡಕರರಿಗೂ ಈ ಫಲಿತಾಂಶದಲ್ಲಿ ಸಮಾಧಾನವಿರಲಿಲ್ಲವೆಂಬುದನ್ನು ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ. ಕಾನೂನಿನ ಈ ಸ್ಥಿತಿಯು ತೃಪ್ತಿಕರವಲ್ಲ, ಸರ್ಕಾರದ ವಿನಾಯಿತಿಯನ್ನು ನಿಯಂತ್ರಿಸುವ ಕಾಯಿದೆಯನ್ನು ಶಾಸಕಾಂಗವು ಗಂಭೀರವಾಗಿ ಆಲೋಚಿಸುವ ಕಾಲ ಬಂದಿದೆ ಎಂದು ತೀರ್ಪಿನ ಕೊನೆಯಲ್ಲಿ ಅವರು ಬರೆದರು. ಎಂ. ಸಿ. ಸೆಟಲ್ವಾಡ್ ಅವರ ಅಧ್ಯಕ್ಷತೆಯ ಮೊದಲ ಕಾನೂನು ಆಯೋಗವು ತನ್ನ ಮೊದಲ ವರದಿಯನ್ನೇ ಈ ವಿಷಯಕ್ಕೆ ಮೀಸಲಿಟ್ಟು 1956ರಲ್ಲಿ ಅದನ್ನೇ ಸಲಹೆ ಮಾಡಿತ್ತು.

ಕದ್ದ ಅಧಿಕಾರಿಯ ಮೇಲೆಯೇ ದಾವೆ ಹೂಡಬಹುದಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಹೂಡಬಹುದಿತ್ತು. ಆದರೆ ಆತನು ದೇಶಾಂತರ ಹೋಗಿದ್ದನು. ಇಲ್ಲಿಯೇ ಇದ್ದರೂ ಹನ್ನೊಂದು ಸಾವಿರ ರೂಪಾಯಿ ಅವನ ಸಂಬಳದಿಂದ ವಸೂಲಾಗುವ ಮೊತ್ತವಲ್ಲ. ಅಮೆರಿಕದ ಕಾನೂನು ಬಹುಮಟ್ಟಿಗೆ ಈ ದಾರಿಯನ್ನೇ ಹಿಡಿದಿರುವುದರಿಂದ ಅಲ್ಲಿಯ ಅನುಭವವು ಹೋಲಿಕೆಗೆ ಯೋಗ್ಯವಾಗಿದೆ. ಅಲ್ಲಿ ಅಂತರ್ಯುದ್ಧದ ನಂತರ, ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ಮೇಲೆ ನಡೆಯುತ್ತಿದ್ದ ಹಿಂಸೆಯನ್ನು ತಡೆಯಲು 1871ರಲ್ಲಿ ಒಂದು ಕಾಯಿದೆಯಾಯಿತು. ರಾಜ್ಯದ ಅಧಿಕಾರದ ಹೆಸರಿನಲ್ಲಿ ಪ್ರಜೆಯ ಹಕ್ಕನ್ನು ಕಸಿದವನು ಸ್ವತಃ ಪರಿಹಾರ ಕೊಡಬೇಕೆಂದು ಅದು ವಿಧಿಸಿತು. ಬಹುಕಾಲ ಮಲಗಿದ್ದ ಆ ಕಾಯಿದೆಯನ್ನು 1961ರಲ್ಲಿ ಶಿಕಾಗೋದ ಪೊಲೀಸರ ಮೇಲಿನ ಮನ್ರೋ ಮೊಕದ್ದಮೆಯು ಎಚ್ಚರಿಸಿತು. ಆರು ವರ್ಷಗಳೊಳಗೆ ಅದಕ್ಕೊಂದು ತಡೆಯೂ ಬಂದಿತು. ಮಿಸಿಸಿಪಿಯ ಬಸ್ ನಿಲ್ದಾಣವೊಂದರಲ್ಲಿ ವರ್ಣಭೇದವನ್ನು ಮೀರಿ ಕುಳಿತ ಪಾದ್ರಿಗಳ ಬಂಧನದ ಪ್ರಕರಣದಲ್ಲಿ, ಪೊಲೀಸರು ಸದುದ್ದೇಶದಿಂದ ನಡೆದಿದ್ದರೆ ಅವರಿಗೆ ರಕ್ಷಣೆಯುಂಟು ಎಂದು 1967ರಲ್ಲಿ ತೀರ್ಮಾನವಾಯಿತು. 1982ರಲ್ಲಿ ಸದುದ್ದೇಶದ ಪರೀಕ್ಷೆಯೂ ಹೋಯಿತು. ಯಾವುದೇ ವಿವೇಕಿಗೆ ಗೊತ್ತಿರಬೇಕಾದಷ್ಟು ಸ್ಪಷ್ಟವಾಗಿ ಮೊದಲೇ ಸ್ಥಾಪಿತವಾದ ಹಕ್ಕನ್ನು ಮುರಿದಿದ್ದರೆ ಮಾತ್ರ ಅಧಿಕಾರಿಯು ಹೊಣೆ ಎಂದು ಹಾರ್ಲೋ ಮೊಕದ್ದಮೆಯು ನಿಶ್ಚಯಿಸಿತು. ಹಿಂದೆ ಯಾರೂ ಮಾಡದಂತಹ ತಪ್ಪನ್ನು ಮೊದಲು ಮಾಡಿದವನಿಗೆ ಇದರಿಂದ ಅನುಕೂಲವೇ ಆಗುತ್ತದೆ. ಅಲ್ಲಿ ರಾಜ್ಯ ಸರ್ಕಾರಗಳಿಗೆ ತಮ್ಮದೇ ವಿನಾಯಿತಿ ಬೇರೆ ಇದೆ. ಹೀಗೆ ಅಮೆರಿಕದಲ್ಲಿ ಅಧಿಕಾರಿಯೂ, ಭಾರತದಲ್ಲಿ ಸರ್ಕಾರವೂ ತಪ್ಪಿಸಿಕೊಂಡು, ಎರಡೂ ಕಡೆ ನಷ್ಟವು ಪ್ರಜೆಯ ಖಾತೆಗೆ ಬಿದ್ದದ್ದುಂಟು.

ಭಾರತದ ಅಧಿಕಾರಿಗೂ ರಕ್ಷಣೆಗಳು ಕಡಿಮೆಯಿಲ್ಲ. ನ್ಯಾಯಾಧಿಕಾರಿಗಳಿಗೆ 1850ರ ಕಾಯಿದೆಯಿದೆ. ಕರ್ತವ್ಯದ ನೆವದಲ್ಲಿ ಮಾಡಿದ ಕೃತ್ಯಕ್ಕಾಗಿ ಪೊಲೀಸರ ಮೇಲೆ ದಾವೆಯನ್ನಾಗಲಿ ಕ್ರಿಮಿನಲ್ ಮೊಕದ್ದಮೆಯನ್ನಾಗಲಿ ಹೂಡಲು ಸರ್ಕಾರದ ಪೂರ್ವಾನುಮತಿ ಬೇಕೆಂದು ಕರ್ನಾಟಕ ಪೊಲೀಸ್ ಕಾಯಿದೆಯ 170ನೆಯ ಕಲಮು ಹೇಳುತ್ತದೆ. ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಕರ್ನಾಟಕದಿಂದ ಹೋದ ಮೊಕದ್ದಮೆಯೊಂದರಲ್ಲಿ ಇದನ್ನು ಎತ್ತಿಹಿಡಿಯಿತು. ಇತರ ಅಧಿಕಾರಿಗಳಿಗೆ ದಂಡಪ್ರಕ್ರಿಯಾ ಸಂಹಿತೆಯ 197ನೆಯ ಕಲಮು ಇತ್ತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 218ನೆಯ ಕಲಮಿನಲ್ಲಿ ಒಂದು ಸುಧಾರಣೆಯಾಗಿದೆ: ಅನುಮತಿಯ ಕೋರಿಕೆಯನ್ನು ಸರ್ಕಾರವು 120 ದಿನಗಳಲ್ಲಿ ತೀರ್ಮಾನಿಸದಿದ್ದರೆ ಅನುಮತಿ ಕೊಟ್ಟಂತೆಯೇ ಎಣಿಸಬೇಕು. ಕಡತವು ಮೇಜಿನ ಮೇಲೆ ಮಲಗುವುದೂ ಒಂದು ವಿನಾಯಿತಿಯೇ ಎಂದು ಕಾಯಿದೆ ಮಾಡಿದವರಿಗೆ ಕೊನೆಗಾದರೂ ಹೊಳೆದಿರಬೇಕು.

ಮೀರತ್ತಿನ ತೀರ್ಪನ್ನು ನ್ಯಾಯಾಲಯಗಳು ನೇರವಾಗಿ ಕೆಡವಲಿಲ್ಲ, ಸುತ್ತುಬಳಸಿ ದಾಟಿದವು. ಮೂರು ವರ್ಷದೊಳಗೆ, 1967ರಲ್ಲಿ, ಜುನಾಗಢದ ಸುಂಕದವರು ಜಪ್ತಿ ಮಾಡಿದ ಎರಡು ಲಾರಿ ಮತ್ತು ಒಂದು ಮೋಟಾರನ್ನು ಮೇಲ್ಮನವಿ ಬಾಕಿಯಿರುವಾಗಲೇ ವಾರಸುದಾರರಿಲ್ಲದ ಮಾಲೆಂದು ಮಾರಿದ್ದ ಪ್ರಕರಣವು ಬಂದಿತು. ಜಪ್ತಿ ಮಾಡಿದ ಸರ್ಕಾರದ ಸ್ಥಾನವು ಒತ್ತೆಯಿಟ್ಟುಕೊಂಡವನ ಸ್ಥಾನವೇ, ಮಾಲನ್ನು ಜೋಪಾನ ಮಾಡಿ ಹಿಂದಿರುಗಿಸುವ ಹೊಣೆ ಅದಕ್ಕುಂಟು ಎಂದು ಸರ್ವೋಚ್ಚ ನ್ಯಾಯಾಲಯವು ಹೇಳಿತು. ‘ನ್ಯಾಸ’ದ ಭಾವನೆಯು ಹಿಂಬಾಗಿಲಿನಿಂದ ಒಳಗೆ ಬಂದಿತ್ತು.

ಮುಂದಿನದು ಕನ್ನಡ ನಾಡಿನಿಂದಲೇ ಹೋದ ಮೊಕದ್ದಮೆ. ಬಸವ್ವ ಕೋಂ ದ್ಯಾಮನಗೌಡ ಪಾಟೀಲ ಎಂಬ ಹೆಸರಿನ ‘ಕೋಂ’ ಎಂಬ ಪದವೇ ಉತ್ತರ ಕರ್ನಾಟಕದ ದಫ್ತರಗಳ ಗುರುತು. ಆಕೆಯ ಮನೆಯಲ್ಲಿ ಕಳವಾಯಿತು, ಕಳ್ಳರು ಸಿಕ್ಕರು, ಒಡವೆಗಳೂ ಸಿಕ್ಕವು. ನ್ಯಾಯಾಧೀಶರು ಅವನ್ನು ಅಕ್ಕಸಾಲಿಗನಿಂದ ಬೆಲೆ ಕಟ್ಟಿಸಲು ಪೊಲೀಸ್ ಅಧಿಕಾರಿಯ ವಶಕ್ಕೆ ಕೊಟ್ಟರು. ಪೊಲೀಸ್ ಕಾವಲಿನ ಕೋಣೆಯ ಪೆಟ್ಟಿಗೆಯಲ್ಲಿಟ್ಟ ಒಡವೆಗಳು ಅಲ್ಲಿಂದ ಮಾಯವಾದವು. ಒಮ್ಮೆ ಕಳ್ಳರಿಂದ, ಇನ್ನೊಮ್ಮೆ ಕಾವಲಿನಿಂದ, ಹೀಗೆ ಒಂದೇ ಒಡವೆಯನ್ನು ಎರಡು ಸಲ ಕಳೆದುಕೊಂಡ ಆಕೆಗೆ ಕೆಳಗಿನ ನ್ಯಾಯಾಲಯಗಳಲ್ಲಿ ಪರಿಹಾರ ಸಿಗಲಿಲ್ಲ. 1977ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶ ಫಜಲ್ ಅಲಿಯವರು, ಕ್ರಿಮಿನಲ್ ನ್ಯಾಯಾಲಯದ ಆಜ್ಞೆಯಿಂದ ವಶದಲ್ಲಿದ್ದ ವಸ್ತುವು ಕಳೆದುಹೋದಾಗ, ಸರ್ಕಾರವು ತಕ್ಕ ಎಚ್ಚರಿಕೆ ವಹಿಸಿತ್ತೆಂದು ತೋರಿಸದಿದ್ದರೆ, ಅದರ ಬೆಲೆಯನ್ನು ಕೊಡಿಸಬಹುದೆಂದು ತೀರ್ಮಾನಿಸಿ 10,000 ರೂಪಾಯಿ ಕೊಡಿಸಿದರು. ಮೀರತ್ತಿನ ಬಂಗಾರಕ್ಕೂ ಬಸವ್ವನ ಒಡವೆಗೂ ಇದ್ದ ವ್ಯತ್ಯಾಸವು ದಾವೆಯು ಹತ್ತಿದ ಮೆಟ್ಟಿಲಿನದು ಮಾತ್ರ. ಒಂದು ಸಿವಿಲ್ ನ್ಯಾಯಾಲಯಕ್ಕೆ ಹೋಯಿತು, ಇನ್ನೊಂದು ಕ್ರಿಮಿನಲ್ ನ್ಯಾಯಾಲಯದಲ್ಲಿಯೇ ನಿಂತಿತು.

ವಸ್ತುವಿಗಿಂತ ದೊಡ್ಡದಾದ ಜೀವ ಮತ್ತು ಸ್ವಾತಂತ್ರ್ಯದ ವಿಷಯದಲ್ಲಿ ಬದಲಾವಣೆಯು ಇನ್ನೂ ವೇಗವಾಗಿ ಆಯಿತು. 1968ರಲ್ಲಿಯೇ ದೋಷಮುಕ್ತನಾಗಿದ್ದ ಬಿಹಾರದ ರುದುಲ್ ಸಾಹ್ ಸೆರೆಮನೆಯಿಂದ ಹೊರಬಂದದ್ದು 1982ರಲ್ಲಿ. ಸರ್ವೋಚ್ಚ ನ್ಯಾಯಾಲಯವು 1983ರಲ್ಲಿ, ಮೊದಲು ಸಂದಿದ್ದ 5,000 ರೂಪಾಯಿಗೆ ಮೇಲಾಗಿ 30,000 ರೂಪಾಯಿ ಕೊಡಿಸಿತು. ಹದಿನಾಲ್ಕು ವರ್ಷಗಳ ಬೆಲೆಯೆಂದು ನೋಡಿದರೆ ಮೊತ್ತವು ಅಲ್ಪ. ಆದರೆ ದಾವೆಯ ಗೊಡವೆಯಿಲ್ಲದೆ ಸಂವಿಧಾನದ ಬಲದಿಂದಲೇ ಹಣ ಕೊಡಿಸಬಹುದೆಂಬುದು ಅಂದು ಹೊಸ ಮಾತು. 1993ರಲ್ಲಿ ಒರಿಸ್ಸಾದ ನೀಲಬತಿ ಬೆಹೆರಾ ಎಂಬ ತಾಯಿಗೆ, ಪೊಲೀಸ್ ವಶದಲ್ಲಿದ್ದು ಮಡಿದ ಮಗನಿಗಾಗಿ 1,50,000 ರೂಪಾಯಿ ಕೊಡಿಸುವಾಗ ನ್ಯಾಯಾಧೀಶ ಜೆ. ಎಸ್. ವರ್ಮಾ ಅವರು, ಮೂಲಭೂತ ಹಕ್ಕಿನ ಭಂಗಕ್ಕೆ ಸಂವಿಧಾನದಡಿ ಕೇಳುವ ಪರಿಹಾರದಲ್ಲಿ ಪ್ರಭುತ್ವದ ವಿನಾಯಿತಿಗೆ ಎಡೆಯೇ ಇಲ್ಲವೆಂದು ಸ್ಪಷ್ಟಪಡಿಸಿದರು.

ವ್ಯಾಪಾರಿಗಳ ಪಾಲಿಗೆ ಮುಖ್ಯವಾದ ತೀರ್ಪು 1994ರದು. ಆಂಧ್ರದ ನಾಗೇಂದ್ರರಾವ್ ಎಂಬ ವರ್ತಕರ ಗೊಬ್ಬರ ಮತ್ತು ಧಾನ್ಯದ ದಾಸ್ತಾನನ್ನು 1975ರಲ್ಲಿ ಅಗತ್ಯ ವಸ್ತುಗಳ ಕಾಯಿದೆಯ ಮೇರೆಗೆ ವಶಪಡಿಸಿಕೊಳ್ಳಲಾಗಿತ್ತು. ಬಿಡುಗಡೆಯ ಆದೇಶವು ಬಂದ ಮೇಲೆ ಹೋಗಿ ನೋಡಿದರೆ ಗೊಬ್ಬರವು ಹಾಳಾಗಿತ್ತು. ಉಚ್ಚ ನ್ಯಾಯಾಲಯವು ಕಸ್ತೂರಿಲಾಲ್ ತೀರ್ಪನ್ನು ತೋರಿಸಿ ಕೈಚೆಲ್ಲಿತು. ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶ ಆರ್. ಎಂ. ಸಹಾಯ್ ಅವರು, ಕಲ್ಯಾಣರಾಜ್ಯದಲ್ಲಿ ದೊರೆಯ ಕೆಲಸ ಬೇರೆ, ವರ್ತಕನ ಕೆಲಸ ಬೇರೆ ಎಂಬ ಹಳೆಯ ಗೆರೆಗೆ ಅರ್ಥವಿಲ್ಲವೆಂದು ಹೇಳಿ ಡಿಕ್ರಿಯನ್ನು ಎತ್ತಿಹಿಡಿದರು. ಇದೇ ನ್ಯಾಯಾಧೀಶರು 1993ರಲ್ಲಿ ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯಲ್ಲಿ ಇನ್ನೊಂದು ಸೂಕ್ಷ್ಮವನ್ನು ಕಂಡಿದ್ದರು. ಸರ್ಕಾರವು ಕೊಡುವ ಪರಿಹಾರವು ತೆರಿಗೆದಾರನ ಹಣ. ಪೀಡಿಸಿದ ಅಧಿಕಾರಿಯ ಜೇಬಿಗೆ ಅದು ತಟ್ಟದಿದ್ದರೆ ಒಬ್ಬ ಪ್ರಜೆಯ ನಷ್ಟವನ್ನು ಇತರ ಪ್ರಜೆಗಳಿಗೆ ಹಂಚಿದಂತಾಗುತ್ತದೆ. ಆದುದರಿಂದ ಹೊಣೆಗಾರರಾದ ಅಧಿಕಾರಿಗಳನ್ನು ಗುರುತಿಸಿ ಅವರಿಂದ ಹಣವನ್ನು ವಸೂಲು ಮಾಡಬೇಕೆಂದು ಆ ತೀರ್ಪಿನಲ್ಲಿ ವಿಧಿಸಿದರು. ಸರ್ಕಾರವು ಹೊಣೆಯಾಗಬೇಕೋ ಅಧಿಕಾರಿಯು ಹೊಣೆಯಾಗಬೇಕೋ ಎಂಬ ಪ್ರಶ್ನೆಗೆ ಪ್ರಜೆಗೆ ಸರ್ಕಾರ, ಸರ್ಕಾರಕ್ಕೆ ಅಧಿಕಾರಿ ಎಂಬ ಈ ಕ್ರಮಕ್ಕಿಂತ ಉತ್ತಮವಾದ ಉತ್ತರವು ಈವರೆಗೆ ಬಂದಂತೆ ಕಾಣುವುದಿಲ್ಲ. ಪೇಢಿಗಳಲ್ಲಿಯೂ ನಡೆಯುವ ಪದ್ಧತಿ ಇದೇ: ಗಿರಾಕಿಗೆ ಧಣಿಯು ಕೊಡುತ್ತಾನೆ, ಆಮೇಲೆ ಗುಮಾಸ್ತನ ಲೆಕ್ಕ ನೋಡುತ್ತಾನೆ.

2000ದಲ್ಲಿ, ಆಂಧ್ರದ ಸೆರೆಮನೆಯೊಂದರಲ್ಲಿ ಬಾಂಬು ಎಸೆತಕ್ಕೆ ಸಿಕ್ಕು ಮಡಿದ ಬಂದಿಯ ಪ್ರಕರಣದಲ್ಲಿ, ಕಸ್ತೂರಿಲಾಲ್ ತೀರ್ಪು ಮಾರ್ಗದರ್ಶಕವಾಗಿ ತನ್ನ ಬಲವನ್ನು ಬಹುಮಟ್ಟಿಗೆ ಕಳೆದುಕೊಂಡಿದೆಯೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿತು. ಆದರೆ ಹೀಗೆ ಹೇಳಿದ್ದು ಚಿಕ್ಕ ಪೀಠ. ಐವರ ಪೀಠದ ತೀರ್ಪನ್ನು ಅದಕ್ಕಿಂತ ದೊಡ್ಡ ಪೀಠವೊಂದು ವಿಧ್ಯುಕ್ತವಾಗಿ ರದ್ದುಗೊಳಿಸಿಲ್ಲ. ಇನ್ನೊಂದು ಸೂಕ್ಷ್ಮವೂ ಉಳಿದಿದೆ. ನೀಲಬತಿಯ ದಾರಿಯು ತೆರೆದಿರುವುದು ಜೀವ ಮತ್ತು ಸ್ವಾತಂತ್ರ್ಯದ ಮೂಲಭೂತ ಹಕ್ಕಿಗೆ. 1978ರ 44ನೆಯ ತಿದ್ದುಪಡಿಯು ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದು 300ಎ ಅನುಚ್ಛೇದವಾಗಿ ಬೇರೆ ಕಡೆ ಇರಿಸಿತು. ಈಸ್ಟ್ ಇಂಡಿಯಾ ಕಂಪನಿಯ ಕಾಲದ ವಿನಾಯಿತಿಯನ್ನು ಇಂದಿಗೂ ಹೊತ್ತಿರುವ 300ನೆಯ ಅನುಚ್ಛೇದದ ಪಕ್ಕದಲ್ಲಿಯೇ ಅದು ಕುಳಿತಿದೆ.

ಗಜೇಂದ್ರಗಡಕರರು ಕೇಳಿದ ಕಾಯಿದೆಯ ಗತಿಯನ್ನು ಹೇಳಿದರೆ ವೃತ್ತಾಂತವು ಮುಗಿಯುತ್ತದೆ. ಸರ್ಕಾರದ ಹೊಣೆಗಾರಿಕೆಯ ಮಸೂದೆಯು 1965ರಲ್ಲಿ ಲೋಕಸಭೆಗೆ ಬಂದು ಬಿದ್ದುಹೋಯಿತು. 1967ರಲ್ಲಿ ಮತ್ತೆ ಮಂಡನೆಯಾಗಿ ಜಂಟಿ ಸಮಿತಿಗೆ ಹೋಯಿತು. ಸಮಿತಿಯು 1969ರಲ್ಲಿ ವರದಿ ಕೊಟ್ಟಿತು. 1970ರ ಡಿಸೆಂಬರಿನಲ್ಲಿ ಲೋಕಸಭೆಯು ವಿಸರ್ಜನೆಯಾದಾಗ ಮಸೂದೆಯೂ ಅದರೊಡನೆ ಹೋಯಿತು. ಸೆಟಲ್ವಾಡರ ಆಯೋಗವು 1956ರಲ್ಲಿ ಸಲಹೆ ಮಾಡಿದ ಆ ಕಾಯಿದೆಯು ಇನ್ನೂ ಆಗಿಲ್ಲ.